ಬಂಗಾರಪೇಟೆಯಲ್ಲಿ ಯಾಕೆ ಇಳಿದೆ

"ಬಂಗಾರಪೇಟೇಲಿ ಯಾಕೆ ಇಳ್ದೆ?"

ಫೋನು ಕಿವಿಗಿಟ್ಟ ಕೂಡಲೇ ಅಣ್ಣ ನರೇಶ ಕೇಳಿದ ಮೊದಲ ಮಾತೇ ಅದು. ಪುಷ್ಪ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದಳು. ಬಿಳಿ ಕೋಲು ಮಡಚಿಕೊಂಡು ಮಡಿಲಲ್ಲಿತ್ತು. ಅಣ್ಣ ಇಲ್ಲೇ ಎಲ್ಲೋ ಕಂಬದ ಮರೆಯಲ್ಲಿ ನಿಂತಿದ್ದಾನೇನೋ ಅನ್ನಿಸಿ ಆ ಕಡೆ ಈ ಕಡೆ ಕಿವಿಗೊಟ್ಟಳು.

"ನಾನಿಲ್ಲಿದೀನಿ ಅಂತ ನಿಂಗ್ಯಾರು ಏಳಿದ್ದು?"

"ಯಾರ್ ಏಳ್ಬೇಕು? ನನ್ ಫೋನಿನ್ ಮ್ಯಾಪಲ್ಲೇ ಕಾಣ್ತೈತೆ. ನಿನ್ ಚುಕ್ಕಿ ಆಗ್ಲಿಂದ ಅಲ್ಲೇ ನಿಂತೈತೆ, ಅಲ್ಲಾಡ್ತಾನೇ ಇಲ್ಲ. ಮಾರಿಕುಪ್ಪಂ ಗಾಡೀನೇ ಅಲ್ವಾ ನೀನು ಅತ್ತಿದ್ದು? ಸೀದಾ ಉರಿಗಾಂಗೆ ಬರೋದು ಬಿಟ್ಟು ಅಲ್ಲೇನು ಕೆಲ್ಸ? ಜೊತೇಲಿ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ. ಸುಮ್ನೆ ಕೂತಿದೀನಿ."

"ಸುಮ್ನೆ ಯಾರಾದ್ರೂ ಕೂತ್ಕೊತಾರಾ?"

ಪುಷ್ಪ ಫೋನಿಟ್ಟಳು. ಮೈಯೆಲ್ಲ ಉರಿದುಹೋಯಿತು. ಬಾಯಲ್ಲಿದ್ದ ಕಡಲೆಕಾಯಿ ಕೂಡ ರುಚಿ ಕೆಟ್ಟಿತು.

ಅವಳು ನಿಜಕ್ಕೂ ಸುಮ್ಮನೇ ಕೂತಿದ್ದಳು. ಮಾಲೂರಿನ ಕಚೇರಿಯಲ್ಲಿ ದಿನವಿಡೀ ಫೋನೆತ್ತಿ ಕಂಡವರ ದೂರು ಕೇಳುವುದು ಅವಳ ಕೆಲಸ. ಮನೆಗೆ ಬಂದರೆ ಅಮ್ಮನ ಟಿವಿ, ಅಣ್ಣನ ಗದ್ದಲ, ಹೆಜ್ಜೆ ಎತ್ತಿದರೆ ಸಾಕು, "ಉಷಾರು, ಬಾಗ್ಲು ಐತೆ" ಅನ್ನುವ ಜನ. ಆ ಬಾಗಿಲು ಅವಳು ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದು ಯಾರಿಗೆ ಹೇಳುವುದು? ಹಾಗಾಗಿ ಮನಸ್ಸಾದಾಗ ಬಂಗಾರಪೇಟೆಯಲ್ಲಿ ಇಳಿದುಬಿಡುತ್ತಿದ್ದಳು. ಮುಂದಿನ ಗಾಡಿ ಬರುವತನಕ ಬೆಂಚಿನ ಮೇಲೆ ಕೂತು, ಟೀ ಮಾರುವವರ ಕೂಗು, ಜಗಳ, ನಗು ಎಲ್ಲವನ್ನೂ ಕೇಳುತ್ತ ಇರುವಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕಾಯುವುದಿಲ್ಲ, ಯಾರೂ ಕೈ ಹಿಡಿದು ಎಳೆಯುವುದಿಲ್ಲ. ಮನೆಯವರು ಗಾಡಿ ಲೇಟು ಅಂದುಕೊಳ್ಳುತ್ತಿದ್ದರು, ಅವಳೂ ಹೂಂ ಅಂದು ಸುಮ್ಮನಾಗುತ್ತಿದ್ದಳು. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಹೇಳಿದರೆ ಮಾರನೇ ದಿನವೇ ಅಲ್ಲಿಗೂ ಯಾರಾದರೂ ಕಾವಲಿಗೆ ಬರುತ್ತಾರೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಈಗ ಆ ಬೆಂಚೂ ಹೋಯಿತು. ಎಲ್ಲ ಈ ಐಫೋನು ಬಂದಮೇಲೆ.

ಅದಕ್ಕೆ ಮೊದಲು ಅವಳ ಕೈಲಿದ್ದದ್ದು ಆಂಡ್ರಾಯ್ಡ್. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿದ್ದದ್ದನ್ನೆಲ್ಲ ಓದಿ ಹೇಳುತ್ತಿತ್ತು. ಉರಿಗಾಂನ ಗಣಿ ಕಾರ್ಮಿಕರ ಲೈನುಮನೆಗಳ ಅವಳ ಗೆಳತಿಯರದು ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆ. ಹಾಗಾಗಿ ಅವರು ಮೆಸೇಜು ಹಾಕುವುದೇ ಕನ್ನಡ ಅಕ್ಷರದಲ್ಲಿ ತಮಿಳು. ಊಟ ಆಯ್ತಾ ಅನ್ನಲು 'ಸಾಪ್ಟಿಯಾ' ಅಂತ ಒಬ್ಬಳು ಕೇಳಿದರೆ, ಫೋನಿನ ಹೆಂಗಸು ಅದನ್ನು ವಾರ್ತೆ ಓದುವ ಗತ್ತಿನಲ್ಲಿ ಒಪ್ಪಿಸುವಳು. ಕೇಳಿದವರು ನಗುತ್ತಿದ್ದರು. ಪುಷ್ಪಳಿಗೆ ಆ ದನಿ ಮನೆಮಂದಿಯ ದನಿಯಷ್ಟೇ ರೂಢಿಯಾಗಿತ್ತು.

ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಅರ್ಚನಳಿಗೂ ಕಣ್ಣಿಲ್ಲ. ಅವಳು ಐಫೋನು ಬಿಟ್ಟು ಬೇರೆ ಮುಟ್ಟುವವಳಲ್ಲ. ಊಟದ ಹೊತ್ತಿಗೆ ಇಬ್ಬರಿಗೂ ಅದೇ ಜಗಳ. "ನಿಂದು ಫೋನಾ, ಸಂತೆಯಾ?" ಎಂದು ಅವಳು. "ನಿಂದು ದೊಡ್ಡೋರ ಮನೆ, ಚಪ್ಲಿ ಆಚೆ ಬಿಟ್ಟು ಒಳಗೋಗ್ಬೇಕು" ಎಂದು ಇವಳು. ಸೋತವರು ಟೀ ತರಿಸಬೇಕು. ಯಾರೂ ಸೋಲುತ್ತಿರಲಿಲ್ಲ.

ಗಾಡಿ ಹತ್ತುವ ನೂಕಾಟದಲ್ಲಿ ಆ ಹಳೇ ಫೋನು ಹಳಿಗೆ ಬಿದ್ದು ಪುಡಿಯಾದಾಗ ಪುಷ್ಪ ಅಣ್ಣನಿಗೆ ಬಿಡಿಸಿ ಹೇಳಿದ್ದಳು, ತನಗೆ ಅಂಥದ್ದೇ ಬೇಕು, ಭಾನುವಾರ ಒಟ್ಟಿಗೆ ಹೋಗಿ ತರೋಣ ಎಂದು. ನರೇಶ ಭಾನುವಾರದತನಕ ಕಾಯಲಿಲ್ಲ. ಐಫೋನು ತಂದು ಕೈಗಿಟ್ಟ. "ನೀನ್ ಕೇಳಿದ್ದಕ್ಕಿಂತ ದೊಡ್ದು ತಂದಿದೀನಿ, ಸುಮ್ನಿರು. ಅಕೌಂಟು ಗಿಕೌಂಟು ಎಲ್ಲಾ ನಂದೇ ಆಕಿದೀನಿ, ನಿಂಗ್ಯಾಕೆ ಕಷ್ಟ" ಎಂದ. ಅಮ್ಮ ಕದಿರಮ್ಮ ಅದನ್ನು ಲೈನಿನ ಮನೆಮನೆಗೂ ತೋರಿಸಿಕೊಂಡು ಬಂದಳು. ಅಣ್ಣ ಅಂದರೆ ಹಿಂಗಿರಬೇಕು ಎಂದು ಎಲ್ಲರೂ ಹೊಗಳಿದರು. ಕೇಳದೆ ಕೊಟ್ಟವನನ್ನು ಹೊಗಳುವ ಜನ, ಕೇಳಿದ್ದು ಏನು ಎಂದು ಯಾಕೆ ವಿಚಾರಿಸುತ್ತಾರೆ? ಪುಷ್ಪಳೂ ಹಲ್ಲು ಕಿರಿದು ಕೂತಿದ್ದಳು. ಈಗ ಬೆಂಚಿನ ಮೇಲೆ ಕೂತು ಆ ನಗು ನೆನೆದಾಗ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಅರ್ಚನಳಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಫೋನ್ ಮೇಲೆ ರೇಗ್ಬೇಡ್ವೇ, ಪಾಪ ಅದೇನ್ ಮಾಡ್ತದೆ," ಎಂದಳು ಅರ್ಚನ. "ಅಕೌಂಟ್ ಯಾರ್ದು?"

"ಅವಂದೇ."

"ಪಾಸ್‌ವರ್ಡು?"

"ಅವ್ನತ್ರಾನೇ."

"ಅಂಗಿದ್ಮೇಲೆ ಅದು ನಿನ್ ಫೋನೇ ಅಲ್ಲ ಬಿಡು. ಅವ್ನ ಫೋನ ನೀನು ಒತ್ಕೊಂಡು ತಿರಗ್ತಿದೀಯ."

ಪುಷ್ಪ ಮನೆ ಮುಟ್ಟುವ ಹೊತ್ತಿಗೆ ನರೇಶ ಹೊಸ್ತಿಲಲ್ಲೇ ನಿಂತಿದ್ದ. "ನಾನೇನ್ ನಿನ್ ವೈರಿಯಾ? ಕಣ್ ಕಾಣ್ದೋಳು, ಪ್ಲಾಟ್‌ಫಾರಂ ಅಂಚು ಎಲ್ಲೈತೆ ಅಂತ ಗೊತ್ತಾ ನಿಂಗೆ?" ಎಂದು ಶುರು ಮಾಡಿದ.

"ನಂಗ್ ಗೊತ್ತು. ದಿನಾ ಓಡಾಡೋಳು ನಾನು."

"ಏನಾದ್ರೂ ಆದ್ರೆ?"

"ಇಷ್ಟು ವರ್ಷ ಆಗಿಲ್ಲ. ನನ್ನ ಕೇಳ್ದೆ ನನ್ ಇಂದೆ ಕಾವ್ಲು ಬಿಟ್ಟಿದೀಯಲ್ಲ, ಅದನ್ನ ಏಳು ಮೊದ್ಲು."

"ಅವ್ನು ನಿನ್ ಒಳ್ಳೇದಿಕ್ಕೇ ಅಲ್ವೇನಮ್ಮಾ ಮಾಡೋದು," ಎಂದಳು ಕದಿರಮ್ಮ ಟಿವಿ ಸದ್ದು ಕಡಿಮೆ ಮಾಡಿ. ಈ ಒಳ್ಳೇದು ಅನ್ನುವ ಮಾತನ್ನು ಎದುರಿಗಿಟ್ಟರೆ ಮುಂದೆ ಬಾಯಿ ಬಿಡುವ ಹಾಗೇ ಇಲ್ಲ. ಪುಷ್ಪ ಬ್ಯಾಗಿನಿಂದ ಫೋನು ತೆಗೆದು ಊಟದ ಮೇಜಿನ ಮೇಲಿಟ್ಟಳು.

"ತಗೋ, ನಿಂದು ನಿಂಗೆ. ನಾನ್ ನಂದು ತಗೊತೀನಿ."

ನರೇಶ ಫೋನು ಎತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ನಕ್ಕ. "ಓ, ಇದಾ ವಿಷ್ಯ. ಆಂಡ್ರಾಯ್ಡ್ ಬೇಕು ಅಂತ ಇಷ್ಟೆಲ್ಲಾ ರಂಪ ಮಾಡ್ತಿದೀಯಾ? ಆಯ್ತು ಬಿಡಮ್ಮಾ, ನಾಡಿದ್ದು ಭಾನುವಾರ ಅದ್ನೇ ತಗೊಳನಂತೆ." ಮಗುವಿಗೆ ಬೇರೆ ಬಣ್ಣದ ಬಲೂನು ಕೊಡಿಸುವವನ ದನಿ ಅದು. ಪುಷ್ಪಳಿಗೆ ಕೆನ್ನೆ ಸುಟ್ಟಂತಾಯಿತು. ಬೈದಿದ್ದರೂ ಇಷ್ಟು ಹೊತ್ತಿಕೊಳ್ಳುತ್ತಿರಲಿಲ್ಲ.

ಅವಳು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿರುವಾಗ ಅತ್ತಿಗೆ ಆಶಾರಾಣಿ ಹತ್ತಿರ ಬಂದಳು. ಇಷ್ಟು ಹೊತ್ತೂ ಅವಳ ಸೊಲ್ಲೇ ಕೇಳಿರಲಿಲ್ಲ.

"ನಂದು ಆಂಡ್ರಾಯ್ಡೇ ಕಣಮ್ಮಾ," ಎಂದಳು ಮೆಲ್ಲಗೆ. "ಅದ್ರಲ್ಲೂ ಈ ಚುಕ್ಕಿ ಆಕವ್ರೆ ನಿಮ್ಮಣ್ಣ. ಮದ್ವೆ ಆದ ವರ್ಷಾನೇ."

ಪುಷ್ಪಳ ಲೋಟ ತುಟಿಯ ಹತ್ತಿರವೇ ನಿಂತಿತು. "ಮತ್ತೆ ನೀನೇನ್ ಮಾಡ್ತೀಯ ಅಣ್ಣಿ?"

"ಕೋರಮಂಡಲ್‌ಗೆ, ನಮ್ಮಮ್ಮನ್ ಮನೇಗೆ ಓಗ್ಬೇಕಾದ್ರೆ ಫೋನ್ ಇಲ್ಲೇ ಅಕ್ಕಿ ಡಬ್ಬದ್ ಮೇಲೆ ಬಿಟ್ಟೋಗ್ತೀನಿ. ಚುಕ್ಕಿ ಮನೇಲೇ ಇರ್ತದೆ." ಅಷ್ಟು ಹೇಳಿ ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಭಾನುವಾರದತನಕ ಪುಷ್ಪಳಿಗೆ ಅದೇ ಯೋಚನೆ. ಯಾವ ಫೋನು ಮೇಲು ಅಂತ ಅರ್ಚನಳ ಜೊತೆ ವರ್ಷಗಟ್ಟಲೆ ಕಚ್ಚಾಡಿದ್ದಳು. ಯಾವುದಾದರೇನು, ಪೆಟ್ಟಿಗೆ ಒಡೆದು ಮೊದಲು ಒಳಹೊಕ್ಕವನು ಅಣ್ಣನಾದರೆ ಅದು ಅವನದೇ. ಫೋನಿಲ್ಲದೆ ಕಚೇರಿಗೆ ಹೋಗಿ ಬಂದಳು. ಯಾವ ಸ್ಟೇಷನ್ ಬಂತೆಂದು ಫೋನು ಹೇಳುತ್ತಿತ್ತು, ಈಗ ಪಕ್ಕದವರನ್ನು ಕೇಳಬೇಕಾಯಿತು. ಕೇಳಿದಾಗಲೆಲ್ಲ ಯಾರೋ ಒಬ್ಬರು ರಟ್ಟೆ ಹಿಡಿದರು. ಬಂಗಾರಪೇಟೆಯಲ್ಲಿ ಇಳಿಯುವ ಮನಸ್ಸೂ ಆಗಲಿಲ್ಲ.

ಭಾನುವಾರ ಆಂಡರ್ಸನ್‌ಪೇಟೆಯ ಮೊಬೈಲ್ ಅಂಗಡಿಗೆ ನರೇಶನೂ ಬಂದ. ಬೇಡವೆಂದರೂ ಬಂದ. ಅಂಗಡಿಯ ಕುಪ್ಪುಸ್ವಾಮಿ ಅವನಿಗೇ ಸ್ಟೂಲು ಹಾಕಿ, "ಅವ್ರಿಗೆ ಎಂಥಾದ್ದು ಬೇಕಂತೆ ಸಾರ್?" ಎಂದು ಕೇಳಿದ. ಅಲ್ಲ, ಕಣ್ಣು ಕಾಣದವರಿಗೆ ಕಿವಿಯೂ ಕೇಳುವುದಿಲ್ಲ, ನಾಲಿಗೆಯೂ ಇಲ್ಲ ಎಂದು ಈ ಜನಕ್ಕೆ ಯಾರು ಹೇಳಿಕೊಟ್ಟರೋ.

"ನನ್ ಕೇಳಿ," ಎಂದಳು ಪುಷ್ಪ. "ತಗೊಳೋಳು ನಾನು."

ಕುಪ್ಪುಸ್ವಾಮಿ ಗಂಟಲು ಸರಿಮಾಡಿಕೊಂಡು ಈ ಕಡೆ ತಿರುಗಿದ. ಅವಳು ನಾಲ್ಕಾರು ಆಂಡ್ರಾಯ್ಡ್ ಫೋನುಗಳನ್ನು ಕೈಗೆ ತೆಗೆದುಕೊಂಡು ಅಂಚು ಸವರಿದಳು, ಮಾತಾಡಿಸಿ ನೋಡಿದಳು. ಒಂದು ಅಂಗೈಗೆ ಸರಿಯಾಗಿ ಕೂತಿತು. ತನ್ನ ಸಂಬಳದ ಹಣ ಕೊಟ್ಟು, ಪೆಟ್ಟಿಗೆಯನ್ನು ತಾನೇ ಒಡೆದಳು. ಸಿಮ್ಮು ಹಾಕಿಸಿಕೊಂಡಳು. ಸೌಂಡಿನ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಫೋನು ಮಾತು ಶುರು ಮಾಡಿತು. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡಳು.

"ಕೊಡಿಲ್ಲಿ," ಎಂದು ನರೇಶ ಕೈಚಾಚಿದ. "ನೀನು ಕೇಳಿದ್ದೇ ತಗೊಂಡಾಯ್ತಲ್ಲ, ಇನ್ನೇನು. ಅಕೌಂಟ್ ನಾನ್ ಆಕ್ಕೊಡ್ತೀನಿ. ಕುಪ್ಪುಸ್ವಾಮಿ, ಇದ್ರಲ್ಲೂ ಎಲ್ಲಿದಾಳೆ ಅಂತ ಕಾಣ್ತದಲ್ವಾ?"

"ಚೆನ್ನಾಗಿ ಕಾಣ್ತದೆ ಸಾರ್."

ಪುಷ್ಪ ಕೊಡಲಿಲ್ಲ. ಬೆನ್ನು ತಿರುಗಿಸಲೂ ಇಲ್ಲ. ಪರದೆಯ ಮೇಲೆ ಬೆರಳೆಳೆದು, ಕಣ್ಣಿಲ್ಲದವರಿಗೆಂದೇ ಫೋನಿನೊಳಗಿರುವ ಒಂದು ಅನುಕೂಲವನ್ನು ಹುಡುಕಿ ಎರಡು ಸಲ ತಟ್ಟಿದಳು. ಪರದೆ ಪೂರಾ ಕಪ್ಪಾಯಿತು. ಕಿವಿಯಲ್ಲಿ ಫೋನಿನ ಹೆಂಗಸು ಮಾತ್ರ ಓದುತ್ತಲೇ ಇದ್ದಳು.

"ಏ, ಆಫ್ ಆಗೋಯ್ತಲ್ಲ," ಎಂದ ನರೇಶ.

"ಇಲ್ಲ ಸಾರ್," ಎಂದ ಕುಪ್ಪುಸ್ವಾಮಿ ಬಗ್ಗಿ ನೋಡಿ. "ಆನಲ್ಲೇ ಐತೆ. ಮೇಡಮ್ಮು ಪರದೆ ಮುಚ್ಕೊಂಡವ್ರೆ."

ನಿಮ್ಮ ಅಕೌಂಟಿನ ಪಾಸ್‌ವರ್ಡು ಹಾಕಿ ಎಂದು ಕಿವಿಯಲ್ಲಿ ಫೋನಿನ ಹೆಂಗಸು ಕೇಳಿದಳು. ಪುಷ್ಪ ಹಾಕತೊಡಗಿದಳು. ಅಣ್ಣ ಸ್ಟೂಲು ಬಿಟ್ಟು ಎದ್ದದ್ದು, ಅವಳ ಹೆಗಲ ಮೇಲಿಂದ ಬಗ್ಗಿದ್ದು, ಅವನ ಉಸಿರು ಕೆನ್ನೆಯ ಹತ್ತಿರ ಬಂದದ್ದು, ಎಲ್ಲ ಅವಳಿಗೆ ತಿಳಿಯುತ್ತಿತ್ತು.

"ಏನ್ ಬರೀತಿದೀಯ?" ಎಂದ ಅವನು. "ನಂಗೇನೂ ಕಾಣ್ತಿಲ್ಲ ಪುಷ್ಪಾ."

ಕಪ್ಪು ಗಾಜಿನ ಮೇಲೆ ಅವಳ ಬೆರಳು ಅವಸರವಿಲ್ಲದೆ ಮುಂದಿನ ಅಕ್ಷರಕ್ಕೆ ಹೋಯಿತು.