ಹೊಸ್ತಿಲಿದ್ದ ಗಾಡಿ

ನಾನು ಒಂದು ತಿಂಡಿಗಾಡಿ. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಹುಟ್ಟಿದೆ. ನನ್ನ ತಗಡು ಹೊಸದು, ಅಚ್ಚು ಮಾತ್ರ ಗುಜರಿಗೆ ಬಿದ್ದ ಜೀಪಿನದು. ಎರಡು ಚಕ್ರ, ಟೆಂಪೋಗೆ ಸಿಕ್ಕಿಸಲು ಮುಂದೊಂದು ಕೊಂಡಿ, ಒಳಗೆ ಹೋಗಲು ಹಿಂದೊಂದು ಬಾಗಿಲು. ನನ್ನನ್ನು ಮಾಡಿದವನು ಕೊನೆಗೆ ಎರಡು ಸಲ ಒದ್ದು ನೋಡಿ, ಗಟ್ಟಿ ಐತಿ ಎಂದ. ನನಗೆ ಸಿಕ್ಕ ಆಶೀರ್ವಾದ ಅಷ್ಟೇ.

ನನ್ನ ಮೊದಲ ಯಜಮಾನ ವಿಠೋಬಾ ಗೋಬಿ ಮಂಚೂರಿ ಮಾಡುತ್ತಿದ್ದ. ಅವನಿಗೆ ಮೆಣಸಿನಕಾಯಿಯ ಘಾಟು ಆಗುತ್ತಿರಲಿಲ್ಲ. ಬಾಣಲೆಯ ಮುಂದೆ ನಿಂತು ಸೀನುತ್ತಿದ್ದ. ಗಿರಾಕಿಗಳು ಮೊದಲು ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಪಕ್ಕದ ಗಾಡಿಗೆ ಹೋದರು. ಒಂದು ಬೇಸಿಗೆ ಮುಗಿಯುವುದರೊಳಗೆ ಅವನು ನನ್ನನ್ನು ಧಾರವಾಡದ ನೀಲವ್ವನಿಗೆ ಮಾರಿದ.

ನೀಲವ್ವ ಅಲ್ಲಿಯವರೆಗೆ ಗಂಡನ ಅಣ್ಣನ ಕೈಕೆಳಗೆ ದುಡಿದವಳು. ಆ ಭಾವ ಮದುವೆ ಅಡುಗೆಯ ಗುತ್ತಿಗೆದಾರ. ಸಾವಿರ ಜನರ ಬಜ್ಜಿ ಇವಳು ಕರಿಯುತ್ತಿದ್ದಳು, ಬೀಗರು ಹೊಗಳಲು ಕರೆದಾಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವನು ಹೋಗಿ ನಿಲ್ಲುತ್ತಿದ್ದ. ಎಣ್ಣೆ ಹೆಚ್ಚು ಸುರಿದರೆ ಬೈಗುಳ, ಕಡಿಮೆ ಸುರಿದರೂ ಬೈಗುಳ. ನನ್ನನ್ನು ಕೊಂಡ ದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಬೇಕಾದಷ್ಟು ಎಣ್ಣೆ ಸುರಿದದ್ದು.

ಕಾಲೇಜಿನ ಇಳಿಜಾರಿನ ಮೇಲ್ತುದಿಯಲ್ಲಿ, ಬೇವಿನ ಮರದ ಕೆಳಗೆ ನಮ್ಮ ಜಾಗ. ಚುರುಮುರಿಯ ಗಿರ್ಮಿಟ್ ಮತ್ತು ಮಿರ್ಚಿ ಬಜ್ಜಿ. ದಿನಾ ತಿನ್ನಲು ಬರುತ್ತಿದ್ದ ವಿಮಾ ಏಜೆಂಟನೊಬ್ಬ ಬಾಯಿ ತುಂಬ ಚುರುಮುರಿ ಇಟ್ಟುಕೊಂಡು ಅಪಘಾತ, ಬೆಂಕಿ, ಬಿರುಗಾಳಿಗಳ ಬಗ್ಗೆ ಮಾತಾಡುತ್ತಿದ್ದ. ಅವನು ಬಾಯಿ ಮುಚ್ಚಲಿ ಎಂದೇ ನೀಲವ್ವ ನನ್ನ ಹೆಸರಿಗೆ ಗಾಡಿಯ ಪಾಲಿಸಿ ಮಾಡಿಸಿದಳು.

ಅವಳ ಗಂಡ ಬಸಲಿಂಗಪ್ಪನಿಗೆ ಪಾಲಿಸಿ ಸಾಲಲಿಲ್ಲ. ಹೊಸ್ತಿಲಿಲ್ಲದ ಅಂಗಡಿಗೆ ಲಕ್ಷ್ಮಿ ಬರುವುದಿಲ್ಲ ಎಂದು ಅವನ ವಾದ. ಎಲ್ಲಿಂದಲೋ ಒಂದು ಕಲ್ಲು ತಂದು, ನನ್ನ ಹಿಂಬಾಗಿಲಿಗೆ ಹೊಂದಿಸಿ ನೆಲಕ್ಕೆ ಸಿಮೆಂಟ್ ಹಾಕಿಸಿದ. ಅಲುಗಬಾರದೆಂದು ಕಬ್ಬಿಣದ ಪಟ್ಟಿಯಿಂದ ಅದನ್ನು ನನಗೆ ಬಿಗಿಸಿದ. ಶುಕ್ರವಾರ ಶುಕ್ರವಾರ ಅರಿಸಿನ, ಕುಂಕುಮ, ಒಂದೆಳೆ ರಂಗೋಲಿ. ನಾನು ಚಕ್ರವಿದ್ದೂ ನೆಲಕ್ಕೆ ಅಂಟಿಕೊಂಡೆ. ನನಗೇನೂ ಬೇಜಾರಾಗಲಿಲ್ಲ. ತಿರುಗಾಡಬೇಕೆಂಬ ಆಸೆ ತಗಡಿಗೆ ಇರುವುದಿಲ್ಲ.

ಒಂದು ಏಪ್ರಿಲ್ ಸಂಜೆ ಗಾಳಿ ಎದ್ದು ಬೇವಿನ ಕೊಂಬೆ ನನ್ನ ಮೇಲೆ ಬಿತ್ತು. ಚಾವಣಿ ಕುಸಿಯಿತು, ಒಲೆ ಚಪ್ಪಟೆಯಾಯಿತು. ಸದ್ಯ, ಒಳಗೆ ಯಾರೂ ಇರಲಿಲ್ಲ. ಮರುದಿನವೇ ಭಾವ ಬಂದ. ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೇ ತಿಂಗಳಿಗೆ ಒಳ್ಳೊಳ್ಳೆಯ ಮುಹೂರ್ತಗಳಿವೆ, ಬಾಣಲೆ ಕಾಯುತ್ತಿದೆ ಎಂದು ಹೇಳಿ ಹೋದ. ವಿಮೆಯ ಹಣ ಬಂದರೆ ನಾನು ರಿಪೇರಿ, ಬಾರದಿದ್ದರೆ ನೀಲವ್ವ ಅವನ ಅಡುಗೆಮನೆಗೆ. ಅವಳು ಆ ದಿನ ಊಟ ಮಾಡಲಿಲ್ಲ.

ಹಾನಿ ನೋಡಲು ಕಂಪನಿಯಿಂದ ಹೊಂಬಳ ಎನ್ನುವ ಸರ್ವೇಯರ್ ಬಂದರು. ಸ್ಕೂಟರನ್ನು ಇಳಿಜಾರಿನ ಕೆಳಗೆ ನೆರಳಿಗೆ ನಿಲ್ಲಿಸಿ ಏದುಸಿರು ಬಿಡುತ್ತ ಹತ್ತಿದರು. ಚಾವಣಿ ನೋಡಿ ತಲೆಯಾಡಿಸಿದರು, ಫೋಟೋ ಹೊಡೆದರು. ಒಳಗೆ ನೋಡಲು ಹಿಂಬಾಗಿಲಿಗೆ ಬಂದರು. ಹೊಸ್ತಿಲು ಕಂಡಿತು. ತಮಗೇ ಗೊತ್ತಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಆಮೇಲೆ ತಮ್ಮ ಬರಿಗಾಲನ್ನು ನೋಡಿಕೊಂಡು ನಿಂತರು.

"ಅವ್ವಾರ, ನಿಮ್ಮ ಪಾಲಿಸಿ ಗಾಡಿಗೆ ಐತಿ," ಎಂದರು. "ಇದು ಮನಿ. ನಾನ ಚಪ್ಪಲಿ ಬಿಟ್ಟೇನಿ ನೋಡ್ರಿ."

"ಬಿಟ್ಟಾವ್ರು ನೀವು. ನಾ ಬಿಡ್ರಿ ಅಂದೆನೇನ್ರಿ?" ಎಂದಳು ನೀಲವ್ವ.

ಹೊಂಬಳರು ಕೆಟ್ಟವರಲ್ಲ. ಗಾಡಿಯಾದರೆ ಹತ್ತು ಹೆಜ್ಜೆ ಉರುಳಿಸಿ ತೋರಿಸಿ, ಹಾಗೆಯೇ ಬರೆಯುತ್ತೇನೆ, ಆದರೆ ವರದಿ ಇವತ್ತೇ ಹೋಗಬೇಕು ಎಂದರು. ಉರುಳಬೇಕೆಂದರೆ ಹೊಸ್ತಿಲು ಒಡೆಯಬೇಕು. ಅಂದು ಶುಕ್ರವಾರ. ಬಸಲಿಂಗಪ್ಪ ಹೊಸ್ತಿಲಿಗೆ ಅಡ್ಡ ಕೂತ. ಶುಕ್ರವಾರ ಲಕ್ಷ್ಮಿಯದು, ಶನಿವಾರ ಹನುಮಪ್ಪನದು, ಸೋಮವಾರ ಬಸವಣ್ಣನದು, ಮಂಗಳವಾರ ಯಾವುದನ್ನೂ ಒಡೆಯಬಾರದು ಎಂದು ವಾರವನ್ನೆಲ್ಲ ದೇವರಿಗೆ ಹಂಚಿದ. ನೀಲವ್ವ ಪಕ್ಕದ ಚಹಾದಂಗಡಿಯಿಂದ ಕಬ್ಬಿಣದ ಹಾರೆ ತಂದಳು.

"ಏಳ್ರಿ. ನಿಮ್ಮಣ್ಣನ ಮನಿಗೂ ಹೊಸ್ತಿಲಾ ಐತಿ. ಹೋಗಿ ಅದರ ಮ್ಯಾಲ ಕುಂಡ್ರ್ರಿ."

ಅವನು ಎದ್ದ. ನಾಲ್ಕೇಟಿಗೆ ಪಟ್ಟಿ ಕಿತ್ತುಬಂತು, ಕಲ್ಲು ಎರಡು ಹೋಳಾಯಿತು. ಗಿರಾಕಿ ಹುಡುಗರು ಹೆಗಲು ಕೊಟ್ಟರು. ವರ್ಷಗಟ್ಟಲೆ ನಿಂತ ಅಚ್ಚು ಮೊದಲು ನರಳಿತು, ಆಮೇಲೆ ತಿರುಗಿತು. ಹುಡುಗರು ಹೆಜ್ಜೆ ಎಣಿಸತೊಡಗಿದರು. ಐದರವರೆಗೆ ಅವರು ನನ್ನನ್ನು ತಳ್ಳಿದರು. ಆರರಿಂದ ನಾನೇ ಹೊರಟೆ. ನನಗೆ ಬ್ರೇಕ್ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

"ಸಾಕ್ರಿ, ಸಾಕು, ನಂಬಿದೆ," ಎನ್ನುತ್ತ ಹೊಂಬಳರು ಬರಿಗಾಲಲ್ಲೇ ಹಿಂದೆ ಓಡಿಬಂದರು. ನಾನು ಇಳಿಜಾರಿನ ಬುಡದಲ್ಲಿ ನಿಂತೆ, ಅಂದರೆ ಅವರ ಸ್ಕೂಟರಿನ ಮೇಲೆ. ಅದರ ಮುಂದಿನ ಚಕ್ರ ಕಡುಬಿನಂತೆ ಮಡಿಚಿಕೊಂಡಿತ್ತು.

ಯಾರೂ ನಗಲಿಲ್ಲ. ನಗು ತಡೆಯಲು ಕೆಲವರು ಮರದ ಕಡೆ ತಿರುಗಿದರು. ನೀಲವ್ವ ಇಳಿದು ಬಂದಳು. ಕೈಯಲ್ಲಿ ಅವರ ಚಪ್ಪಲಿ. ಅವುಗಳನ್ನು ಅವರ ಕಾಲ ಬಳಿ ಇಟ್ಟಳು.

"ಸಾಹೇಬ್ರ, ನಿಮ್ಮ ಸ್ಕೂಟರಿಗೆ ಹೊಡದದ್ದು ಗಾಡಿ ಅಂತ ಬರದ್ರ ನಿಮಗೂ ಪರಿಹಾರ ಬರತೈತಿ. ಮನಿ ಬಂದು ಹೊಡೀತು ಅಂತ ಬರದ್ರ ಯಾರ್ ಕೊಡ್ತಾರ್ರಿ?"

ಹೊಂಬಳರು ನನ್ನನ್ನು ನೋಡಿದರು, ಸ್ಕೂಟರನ್ನು ನೋಡಿದರು. ನಿಧಾನಕ್ಕೆ ಚಪ್ಪಲಿ ಮೆಟ್ಟಿಕೊಂಡರು. ಗಾಡಿ ಎಂದು ಬರೆದರು. ಅದರ ಹಿಂದೆ 'ಅತಿಯಾಗಿ ಚಲಿಸುವ' ಎಂದೂ ಸೇರಿಸಿದರು.

ಹಣ ಬಂತು. ನನ್ನ ವಯಸ್ಸಿಗೆಂದು, ತುಕ್ಕಿಗೆಂದು, ಆಮೇಲೆ ಏಜೆಂಟನಿಗೂ ಅರ್ಥವಾಗದ ಒಂದು ಕಾರಣಕ್ಕೆಂದು ಮುರಿದುಕೊಂಡೇ ಬಂತು. ಚಾವಣಿಗೆ, ಒಲೆಗೆ ಸಾಕಾಯಿತು. ಹೊಂಬಳರ ಸ್ಕೂಟರಿನ ಪ್ರಕರಣ ಇನ್ನೂ ತಡವಾಯಿತು. ಅದು ಮುಗಿಯುವ ತನಕ ಅವರು ನಡೆದೇ ಬಂದು ಮಿರ್ಚಿ ತಿನ್ನುತ್ತಿದ್ದರು. ಭಾವ ಮೇ ತಿಂಗಳಿಗೆ ಬೇರೆ ಯಾರನ್ನೋ ಹುಡುಕಿಕೊಂಡ.

ಆಮೇಲೆಯೂ ಎಷ್ಟೋ ವರ್ಷ ದುಡಿದೆ. ಈಗ ನೀಲವ್ವನ ಬಳಿ ಸ್ಟೀಲಿನ ಹೊಸ ಗಾಡಿಯಿದೆ, ಅದಕ್ಕೆ ಬ್ರೇಕೂ ಇದೆ. ನಾನು ಅವಳ ಹಿತ್ತಿಲಲ್ಲಿದ್ದೇನೆ. ಚಕ್ರ ಬಿಚ್ಚಿ ಮಾರಿದ್ದಾರೆ, ಒಳಗೆ ಹೊಟ್ಟು ತುಂಬಿದ್ದಾರೆ. ನನಗೀಗ ವಿಮೆಯಿಲ್ಲ. ಪೆಟ್ಟು ತಿಂದವರನ್ನು ನಂಬಲು ಈ ಲೋಕಕ್ಕೆ ಪುರಾವೆ ಬೇಕು, ಪೆಟ್ಟು ಕೊಟ್ಟವರನ್ನು ಅದು ಕೂಡಲೇ ನಂಬುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಇಷ್ಟೇ.

ನನ್ನ ಕೊಂಡಿಗೆ ಒಂದು ಎಮ್ಮೆ ಕಟ್ಟಿದ್ದಾರೆ. ಅದಕ್ಕೆ ವಿಮೆ ಇದೆ, ಕಿವಿಯಲ್ಲಿ ಹಳದಿ ಬಿಲ್ಲೆ ನೇತಾಡುತ್ತದೆ. ಅದು ಬೆಳಗಿನಿಂದ ಸಂಜೆಯವರೆಗೆ ನಿಂತಲ್ಲೇ ನಿಂತಿರುತ್ತದೆ. ಹತ್ತು ಹೆಜ್ಜೆ ನಡೆದು ತೋರಿಸು ಎಂದು ಅದನ್ನು ಯಾರೂ ಕೇಳಿಲ್ಲ.