ಬೇವಿನ ಎಲೆಯ ಠಸೆ

ಕುಲುಮೆಯ ಬೆಂಕಿಯ ಆಣೆ, ಇದೆಲ್ಲ ನಡೆದದ್ದೇ. ಅನುಮಾನ ಇದ್ದರೆ ನನ್ನನ್ನು ಇನ್ನೊಮ್ಮೆ ಬೆಂಕಿಗೆ ಹಾಕಿ ಕೇಳಿ, ಇದನ್ನೇ ಹೇಳುತ್ತೇನೆ.

ನಾನು ಒಂದು ಠಸೆ. ಬಂಗಾರದ ಮೇಲೆ ಗುರುತು ಒತ್ತುವ, ಬೆರಳುದ್ದದ ಉಕ್ಕಿನ ಕಡ್ಡಿ. ಅದಕ್ಕೂ ಮೊದಲು ಗದಗಿನಿಂದ ಲಕ್ಷ್ಮೇಶ್ವರಕ್ಕೆ ಓಡುವ ಬಸ್ಸಿನ ಎಂಜಿನ್ನಿನಲ್ಲಿ ವಾಲ್ವ್ ಆಗಿದ್ದೆ. ಆ ಬಸ್ಸು ಎಷ್ಟು ಜೋರು ಎಂದರೆ, ಟಿಕೆಟ್ ಹರಿಯುವ ಮೊದಲೇ ಊರು ಬಂದುಬಿಡುತ್ತಿತ್ತು. ಕಂಡಕ್ಟರ್ ಜನರ ಹಿಂದೆ ಮನೆತನಕ ಹೋಗಿ, ಚಹಾ ಕುಡಿದು, ಟಿಕೆಟ್ ಕೊಟ್ಟು ಬರುತ್ತಿದ್ದ. ಕೊನೆಗೆ ಎಂಜಿನ್ ಸುಟ್ಟಿತು. ಗುಜರಿಯಲ್ಲಿ ಬಿದ್ದಿದ್ದ ನನ್ನನ್ನು ಅಕ್ಕಸಾಲಿಗ ಮಾನಪ್ಪ ಪತ್ತಾರ ಎತ್ತಿಕೊಂಡ. ಗದಗಿನ ಸರಾಫ ಬಜಾರದ ಹಿಂದಿನ ಓಣಿಯಲ್ಲಿ ಆಗಷ್ಟೇ ಬಂಗಾರದ ಕೆಲಸಕ್ಕೆ ಅಂಗಡಿ ಹಾಕಿದ್ದ. ನನ್ನನ್ನು ತುಂಡರಿಸಿ, ಅರದಿಂದ ಉಜ್ಜಿ, ತುದಿಯಲ್ಲಿ ಎಳ್ಳಿನಷ್ಟು ಚಿಕ್ಕ ಬೇವಿನ ಎಲೆ ಕೆತ್ತಿದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ.

ಒಡವೆಯ ಮೇಲೆ ನನ್ನನ್ನು ನಿಲ್ಲಿಸಿ ತಲೆಗೊಂದು ಸುತ್ತಿಗೆ ಪೆಟ್ಟು, ಇದೇ ನನ್ನ ಕೆಲಸ. ಮೊದಲ ಪೆಟ್ಟಿಗೆ ಬಜಾರದ ಪಾರಿವಾಳಗಳು ಹೆದರಿ ಹಾರಿ ಹುಬ್ಬಳ್ಳಿಯಲ್ಲಿ ಇಳಿದವು. ಪೆಟ್ಟು ತಿಂದು ತಿಂದು ನನ್ನ ತಲೆಗೆ ಜೋಮು ಹಿಡಿಯಿತು. ಅದು ಇನ್ನೂ ಬಿಟ್ಟಿಲ್ಲ. ಮುಂದೆ ಅಳುವಂಥದ್ದೇನಾದರೂ ಬಂದರೆ ನೀವೇ ಅತ್ತುಕೊಳ್ಳಿ, ನನ್ನಿಂದ ಆಗದು.

ಆ ಎಲೆಗೆ ಅರ್ಥವಿತ್ತು. ಅಪ್ಪಟ ಬಂಗಾರ ಮೆತ್ತಗೆ. ತುಸು ತಾಮ್ರ ಬೆರೆಸಿದರೇ ಒಡವೆ ನಿಲ್ಲುವುದು. ಎಷ್ಟು ಬೆರೆಸಿದರು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ನಾಲ್ಕು ಪಾಲಿನಲ್ಲಿ ಇಪ್ಪತ್ತೆರಡು ಬಂಗಾರ, ಎರಡೇ ಬೆರಕೆ ಎಂದು ಎಲೆ ಹೇಳುತ್ತಿತ್ತು. ಎಲೆ ಇದ್ದ ಒಡವೆ ತಿರುಗಿ ಬಂದರೆ ಮಾನಪ್ಪ ಒರೆಗಲ್ಲಿಗೂ ಹಚ್ಚದೆ ತೆಗೆದುಕೊಳ್ಳುತ್ತಿದ್ದ.

ಅವನ ಅಕ್ಕ ಕಾಳವ್ವನ ಮದುವೆ ಗೊತ್ತಾಯಿತು. ಅವಳಿಗೆ ಪಾಟ್ಲಿ, ಅಂದರೆ ಬಂಗಾರದ ಬಳೆ, ಮಾಡುವ ಕೆಲಸ ಮಾನಪ್ಪನದೇ. ಪಕ್ಕದ ಅಂಗಡಿಯ ಫಕೀರಪ್ಪ ಬಾಗಿಲಲ್ಲಿ ನಿಂತು ಕೆಣಕಿದ.

"ಏನಲೇ ಮಾನ್ಯಾ, ಪತ್ತಾರ ಅಕ್ಕನ ಬಂಗಾರಾನೂ ಬಿಡಾಂಗಿಲ್ಲಂತ. ಗಾದಿ ಕೇಳಿ ಇಲ್ಲೋ? ನೀ ಎಷ್ಟು ತಿಂತಿ?"

"ನಾ ತಿನ್ನಾಂಗಿಲ್ಲೋ ಕಾಕಾ," ಎಂದ ಮಾನಪ್ಪ. "ತಿನಸ್ತೀನಿ."

ಹಾಗೆಯೇ ಮಾಡಿದ. ತಾಮ್ರ ಹಾಕಬೇಕಾದ ಜಾಗಕ್ಕೆ, ತನ್ನ ಉಂಗುರಕ್ಕೆಂದು ಕೂಡಿಟ್ಟಿದ್ದ ಅಪ್ಪಟ ಬಂಗಾರ ಹಾಕಿದ. ಯಾರಿಗೂ ಹೇಳಲಿಲ್ಲ. ಕೊನೆಗೆ ನನ್ನನ್ನು ಒತ್ತಿದ. ಬೆಣ್ಣೆಯಲ್ಲಿ ಇಳಿದಂತೆ ಇಳಿದೆ.

ಕಾಳವ್ವ ಹೋದದ್ದು ಮುಂಡರಗಿಯ ಬಡಿಗೇರ ಮನೆಗೆ. ಬಾಗಿಲು, ತೊಟ್ಟಿಲು ಮಾಡುವ ಜನ. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಆ ಮನೆಯ ಹಿತ್ತಿಲ ಬಾಗಿಲು ಆಮೇಲೆ ನನಗೆ ಹೇಳಿತು. ದಿನಾ ರೊಟ್ಟಿ ಬಡಿದು, ನೀರು ಸೇದಿ ಪಾಟ್ಲಿಗಳು ಸೊಟ್ಟಗಾದವು. ಎಲೆ ಸವೆದು ಮಾಯವಾಯಿತು. ಒಂದು ದಿನ ಅತ್ತೆ ನೀಲವ್ವ ಪಾಟ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ಅದುಮಿದಳು. ಅದು ಬಾಗಿತು.

"ಸಾಗವಾನಿ ಎಂದಾದ್ರೂ ಬಾಗತೈತೇನು?" ಎಂದಳು. "ಖರೇ ಮಾಲು ಬಾಗಾಂಗಿಲ್ಲ. ನಿನ್ನ ತಮ್ಮ ಸೀಸ ತುಂಬ್ಯಾನ. ಗುರುತು ಸುದ್ದಾ ನಾಚಿ ಓಡಿಹೋಗೇತಿ ನೋಡು."

ಬಡಿಗೇರ ಮನೆಯಲ್ಲಿ ಎಲ್ಲವನ್ನೂ ಮರವೆಂದೇ ನೋಡುವ ರೂಢಿ. ಕಾಳವ್ವ ಅತ್ತೆಯ ಮಾತನ್ನೇ ನಂಬಿದಳು. ಅವಳಿಗೂ ಆ ಗಾದೆ ಗೊತ್ತಿತ್ತಲ್ಲ.

ನಾಗರಪಂಚಮಿ ಬಂತು. ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುವ ಹಬ್ಬ. ಮಾನಪ್ಪ ಬೇವಿನ ಮರಕ್ಕೆ ಹಗ್ಗ ಕಟ್ಟಿ ಕಾದ. ಅಕ್ಕ ಬರಲಿಲ್ಲ. ಮರುವರ್ಷವೂ ಕಟ್ಟಿದ. ಬರಲಿಲ್ಲ. ಕಾರಣ ಬಾಯಿಂದ ಬಾಯಿಗೆ ಬಂದು ಅಂಗಡಿ ಮುಟ್ಟಿತು.

"ಒರಿಗಲ್ಲ ತಗೊಂಡು ಹೋಗಿ ತೋರಿಸಿ ಬಾರಲೇ," ಎಂದ ಫಕೀರಪ್ಪ.

"ಊರ ಮಂದಿ ಎಲಿ ನೋಡಿ ನಂಬತಾರ. ಅಕ್ಕಗ ನಾ ಕಲ್ಲ ಹೊತಗೊಂಡು ಹೋಗಬೇಕೇನು? ಆಕಿ ಕೇಳಲಿ, ಹೇಳ್ತೀನಿ."

ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಹೀಗೇ ಇಬ್ಬರ ಕೂದಲೂ ಬೆಳ್ಳಗಾದವು.

ಆಮೇಲೆ ಸರಕಾರದ ಹಾಲ್‌ಮಾರ್ಕ್ ಬಂತು. ಪೆಟ್ಟಿಲ್ಲ, ಸದ್ದಿಲ್ಲ, ಬೆಳಕಿನಿಂದಲೇ ಗುರುತು ಬರೆಯುವ ಯಂತ್ರ. ನನಗೆ ಕೆಲಸ ತಪ್ಪಿತು. ಮಾನಪ್ಪ ತೀರಿಕೊಂಡ. ಅವನ ಮಗ ಮೌನೇಶ ನನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಮುಂಡರಗಿಗೆ ಹೋದ.

"ಅತ್ತಿ, ಅಪ್ಪ ಇದನ್ನ ನಿನಗ ಕೊಡಂದಿದ್ದ."

"ಯಾಕಂತ?"

"ಅದನ್ನ ಹೇಳಲಿಲ್ಲ."

ಕಾಳವ್ವ ನನ್ನನ್ನು ತಿರುವಿ ನೋಡಿದಳು. ಊರಿಗೆಲ್ಲ ಬಾಗಿಲು ಮಾಡುವ ಆ ಮನೆಯಲ್ಲಿ ಹಿತ್ತಿಲ ಬಾಗಿಲಿಗೇ ಅಗುಳಿ ಇರಲಿಲ್ಲ. ಕೊಂಡಿಗೆ ನನ್ನನ್ನು ಸಿಕ್ಕಿಸಿದಳು. ಬೆಕ್ಕನ್ನು ತಡೆಯುತ್ತ ಅಲ್ಲೇ ಇದ್ದೆ.

ಕಾಳವ್ವನ ಮೊಮ್ಮಗಳು ಅಂಬಿಕಾಳ ಮದುವೆ ಗೊತ್ತಾದಾಗ, ಹಳೆ ಪಾಟ್ಲಿ ಕೊಟ್ಟು ಹೊಸ ಬಳೆ ತರುವುದೆಂದಾಯಿತು. ಗುರುತಿಲ್ಲ, ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು ಗದಗಿನ ಅಂಗಡಿಯವರು. ಎಲೆ ತೋರಿಸಿದರೆ ಉಪಯೋಗವಾದೀತು ಎಂದು ಅಂಬಿಕಾ ನನ್ನನ್ನು ಕೊಂಡಿಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಅಂದು ಹಿತ್ತಿಲ ಬಾಗಿಲು ತೆರೆದುಕೊಂಡು, ಊರಿನ ಕೋಳಿಗಳೆಲ್ಲ ಅಡುಗೆ ಮನೆಯಲ್ಲಿ ಪಂಚಾಯ್ತಿ ನಡೆಸಿದವಂತೆ.

ಹಾಲ್‌ಮಾರ್ಕ್ ಕೇಂದ್ರದ ಹುಡುಗಿ ನನ್ನನ್ನು ನೋಡಿ ನಕ್ಕಳು.

"ಇದು ಮಾಡಿದವರ ಮಾತು. ತಮ್ಮ ಮಾಲಿಗೆ ತಾವ ಸಾಕ್ಷಿ ಹೇಳಿದ್ರ ಹೆಂಗ್ರಿ? ನಾವು ಮಾಡವರಲ್ಲ, ಮಾರವರಲ್ಲ. ನೋಡಿ ಹೇಳವರು. ಹೊಸ ಬಳಿ ಮ್ಯಾಲ ನೋಡ್ರಿ, ಸರಕಾರದ ತ್ರಿಕೋನ ಇರತೈತಿ, ಬಂಗಾರ ಎಷ್ಟಂತ ಅಂಕಿ ಇರತೈತಿ, ಆ ಬಳಿಗಷ್ಟ ಸೇರಿದ ಆರಕ್ಷರದ ನಂಬರ ಇರತೈತಿ."

ಸರಿಯಾದ ಮಾತು. ನನಗೆ ಬೇಸರವೂ ಆಗಲಿಲ್ಲ.

ಪಾಟ್ಲಿಯನ್ನು ಯಂತ್ರದೊಳಗೆ ಇಟ್ಟಳು. ಕಾಳವ್ವ ಬೆಂಚಿನ ಮೇಲೆ ಬರಿಗೈಯನ್ನು ಮಡಿಲಲ್ಲಿಟ್ಟು ಕುಳಿತಿದ್ದಳು.

"ಅಜ್ಜಿ, ಇದು ಇಪ್ಪತ್ತೆರಡಲ್ರಿ."

"ಗೊತ್ತೈತವ್ವಾ," ಎಂದಳು ಕಾಳವ್ವ. ಎಷ್ಟೋ ವರ್ಷಗಳಿಂದ ಆ ಉತ್ತರ ಅವಳ ಬಾಯಲ್ಲಿ ಸಿದ್ಧವಾಗಿತ್ತು.

"ಇಲ್ರಿ, ಅದಕ್ಕಿಂತ ಹೆಚ್ಚೈತಿ. ತಾಮ್ರ ಹಾಕೇ ಇಲ್ಲ ಅನ್ನಬೇಕು. ಅದಕ್ಕ ಬಾಗ್ಯಾವು, ಅದಕ್ಕ ಗುರುತು ಸವದೈತಿ. ಇಂಥಾ ಬಂಗಾರದಾಗ ಯಾರ್ರಿ ಪಾಟ್ಲಿ ಮಾಡವರು? ಹುಚ್ಚರು."

"ಇನ್ನೊಮ್ಮೆ ನೋಡು."

ನೋಡಿದಳು. ಜೋಡಿಯ ಇನ್ನೊಂದನ್ನೂ ನೋಡಿದಳು. ಅಷ್ಟೇ ಬಂತು.

ಕಾಳವ್ವ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆಯೀ, ನೀರು ಕುಡಿತೀಯೇನು?" ಎಂದಳು ಅಂಬಿಕಾ. "ಒಲ್ಲೆ," ಎಂದಳು. ಅವಳಿಗೂ ಜೋಮು ಹಿಡಿದಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು.

ಅಂಗಡಿಗೆ ಬಂದಾಗ ಅಂಬಿಕಾ ಪಾಟ್ಲಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಆಯೀ, ಮಾನಪ್ಪಜ್ಜನ ನೆನಪಿಗೆ ಇವನ್ನ ಹಂಗ ಇಟ್ಟುಬಿಡು. ನನಗ ಬಳಿ ಬ್ಯಾಡ."

ಕಾಳವ್ವ ಅವಳ ಬೆರಳು ಒಂದೊಂದಾಗಿ ಬಿಡಿಸಿ, ಪಾಟ್ಲಿಗಳನ್ನು ಸರಾಫನ ಮುಂದೆ ಇಟ್ಟಳು.

"ಕರಗಸ್ರಿ. ಇಷ್ಟು ಮೆತ್ತಗಿದ್ದದ್ದು ಸಂಸಾರಕ್ಕ ಬರಾಂಗಿಲ್ಲ. ಹುಡುಗಿ ಬಳಿಗೆ ತಾಮ್ರ ಹಾಕ್ರಿ."

ಈಗ ಹಿತ್ತಿಲ ಬಾಗಿಲಿಗೆ ಹೊಸ ಚಿಲಕ. ನಾನು ಕಿಟಕಿಯ ಗೂಡಿನಲ್ಲಿ, ಕೊಬ್ಬರಿ ಎಣ್ಣೆ ಬಾಟಲಿಯ ಪಕ್ಕ ಇದ್ದೇನೆ. ತುಕ್ಕು ಹತ್ತುತ್ತಿದೆ. ಒಡವೆಯಲ್ಲಿ ಎಷ್ಟು ಬಂಗಾರ ಇದೆ ಎಂದು ಗುರುತು ಹೇಳುತ್ತದೆ, ಅದೇ ಅದರ ಕೆಲಸ. ಯಾಕೆ ಅಷ್ಟು ಹಾಕಿದರು ಎಂಬುದನ್ನು ಬಾಯಿ ಇದ್ದವರೇ ಹೇಳಬೇಕು.

ನೀವು ನಗುತ್ತಿದ್ದೀರಿ. ನಗಿ, ಬೇಡ ಎನ್ನುವುದಿಲ್ಲ. ಏಳುವ ಮೊದಲು ಆ ಬೆರಳಿನ ಉಂಗುರ ಬಿಚ್ಚಿ, ಒಳಮೈ ಸ್ವಲ್ಪ ಬೆಳಕಿಗೆ ಹಿಡಿಯಿರಿ. ಅಂಕಿ ಇದ್ದರೆ ಓದಿ ಹೇಳಿ. ಇಲ್ಲದಿದ್ದರೆ ಉಂಗುರವನ್ನು ಇಲ್ಲೇ ಗೂಡಿನಲ್ಲಿಟ್ಟು, ಓಡಿಹೋಗಿ ಒಂದು ಸುತ್ತಿಗೆ ತನ್ನಿ.