ವಿಡಿಯೋ ಹಾರುತ್ತೆ ಅಂದ ಭಾವ

ನನ್ನ ಭಾವ ಕ್ರೇನ್ ಡ್ರೈವರ್. ದೊಡ್ಡ ದೊಡ್ಡ ಕಟ್ಟಡ ಎದ್ದೇಳುವ ಕಡೆ ಮುಗಿಲಿಗೆ ಚುಚ್ಚಿದ ಹಾಗೆ ನಿಂತಿರುತ್ತದಲ್ಲ, ಆ ಕ್ರೇನು. ಏಣಿ ಮೇಲೆ ಏಣಿ ಹತ್ತಿ, ತುದಿಯ ಗಾಜಿನ ಗೂಡಿನಲ್ಲಿ ಕೂತು, ಕಬ್ಬಿಣದ ಕಂಬಿಯ ಕಟ್ಟುಗಳನ್ನು ಕೆಳಗಿದ್ದವರ ತಲೆಯ ಮೇಲಿಂದ ಹೂವಿನ ಬುಟ್ಟಿ ಸಾಗಿಸಿದಂತೆ ಸಾಗಿಸುವುದು ಅವರ ಕೆಲಸ. ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅವರು ಕ್ರೇನಣ್ಣ.

ನನ್ನದು ಕಂಪ್ಯೂಟರ್ ರಿಪೇರಿ. ಹಾಗಾಗಿ ಅಕ್ಕನ ಮನೆಯ ಕಂಪ್ಯೂಟರಿಗೆ ನೆಗಡಿ ಬಂದರೂ ಕರೆ ಬರುವುದು ನನಗೇ.

ಭಾವನ ಕಂಪನಿ ಹೊಸ ಕ್ರೇನ್ ತರಿಸುತ್ತಿತ್ತು. ಹಳೆಯದಕ್ಕಿಂತ ದೊಡ್ಡದು, ಅದನ್ನು ಓಡಿಸಲು ಪರೀಕ್ಷೆ ಪಾಸಾಗಬೇಕು. ಪಾಠವೆಲ್ಲ ವಿಡಿಯೋದಲ್ಲಿ. ಭಾವ ಕೆಲಸದಿಂದ ಬಂದು ಕೈಕಾಲು ತೊಳೆದು ಮುಂದಿನ ಕೋಣೆಯ ಕಂಪ್ಯೂಟರ್ ಮುಂದೆ ಶಾಲೆ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಒಂದು ದಿನ ಅವರೇ ಫೋನ್ ಮಾಡಿದರು.

"ನಿನ್ನ ಕಂಪ್ಯೂಟರ್ ಕಳ್ಳ ಕಣೋ. ವಿಡಿಯೋ ನಡುನಡುವೆ ಹಾರುತ್ತೆ."

"ಹಾರುತ್ತೆ ಅಂದ್ರೆ? ನಿಂತು ನಿಂತು ಬರುತ್ತಾ?"

"ನಿಲ್ಲಲ್ಲ. ಮೇಷ್ಟ್ರು ಕೊಕ್ಕೆ ತೋರಿಸ್ತಾ ಇರ್ತಾನೆ, ಇದ್ದಕ್ಕಿದ್ದಂಗೆ ಕೊಕ್ಕೆ ಮಾಯ, ಹಗ್ಗದ ಪಾಠ ನಡೀತಿರುತ್ತೆ. ಮಧ್ಯದ್ದನ್ನ ನುಂಗಿಬಿಡುತ್ತೆ."

ಹೋದೆ. ಡಬ್ಬ ಬಿಚ್ಚಿದರೆ ಫ್ಯಾನಿನ ಮೇಲೆ ಕಂಬಳಿಯಂಥ ಧೂಳು. ಊದಿ, ಬ್ರಷ್ಷಿನಿಂದ ತೆಗೆದೆ. ಬಿಸಿಯಾಗಿ ಒದ್ದಾಡುತ್ತಿರಬೇಕು ಅಂದುಕೊಂಡೆ. ವಿಡಿಯೋ ಹಾಕಿ ನೋಡಿದೆ, ಎಣ್ಣೆ ಸುರಿದಂತೆ ಓಡಿತು.

"ಅದರ ಜೊತೆಗೆ ಒಳಗೆ ವಿಡಿಯೋ ಓಡಿಸೋ ಡ್ರೈವರ್ ಕೂಡ ಹಳೇದಾಗಿದೆ ಭಾವ, ಬದಲಾಯಿಸ್ತೀನಿ," ಅಂದೆ.

"ಯಾರಿಗೆ ಹೇಳ್ತಿದ್ದೀಯೋ ಹಳೇ ಡ್ರೈವರ್ ಅಂತ?" ಎಂದು ಭಾವ ಹುಬ್ಬೇರಿಸಿದರು. ಅಡುಗೆಮನೆಯಿಂದ ಅಕ್ಕ ನಕ್ಕಳು. "ಇವರನ್ನೂ ಬದಲಾಯಿಸಿಕೊಡೋ, ಪುಣ್ಯ ಬರುತ್ತೆ. ಹೇಳಿದ ಮಾತು ಒಂದೂ ಕಿವಿಗೆ ಹೋಗಲ್ಲ ಈಚೆಗೆ."

ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಫೋನ್. ಮತ್ತೆ ಹಾರುತ್ತಿದೆ. ಈ ಸಲ ಬೇರೆ ಪ್ಲೇಯರ್ ಹಾಕಿದೆ, ಕೇಬಲ್ ಬದಲಾಯಿಸಿದೆ, ಹಾರ್ಡ್ ಡಿಸ್ಕ್ ಪೂರ್ತಿ ಪರೀಕ್ಷಿಸಿದೆ. ನೆಟ್ಟಿನ ಸಹವಾಸವೇ ಬೇಡವೆಂದು ಪಾಠಗಳನ್ನೆಲ್ಲ ಇಳಿಸಿಕೊಟ್ಟೆ. ನಾನು ಪಕ್ಕದಲ್ಲಿ ಕೂತು ನೋಡಿದಾಗ ಒಂದು ಕೂದಲೆಳೆಯಷ್ಟೂ ಹಾರಲಿಲ್ಲ. ನನ್ನ ಬಸ್ಸು ಊರು ಮುಟ್ಟುವ ಮೊದಲೇ ಭಾವನ ಫೋನ್: "ನೀನು ಎದ್ದು ಹೋಗೋದನ್ನೇ ಕಾಯ್ತಿತ್ತು ನೋಡು!"

ನನಗೆ ರೇಗಿತು. ಭಾವ ಸುಳ್ಳು ಹೇಳುವವರಲ್ಲ. ಪರೀಕ್ಷೆಯ ಹೆದರಿಕೆಗೆ ನೆಪ ಹುಡುಕುತ್ತಿದ್ದಾರೋ, ಕೂತಲ್ಲೇ ತೂಕಡಿಸುತ್ತಿದ್ದಾರೋ? ಎರಡರಲ್ಲಿ ಒಂದನ್ನು ಸಾಬೀತು ಮಾಡಿಯೇ ಬಿಡೋಣವೆಂದು ಭಾನುವಾರ ಮಧ್ಯಾಹ್ನ ಹೋದೆ. ನನ್ನ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ ನಿಲ್ಲಿಸಿದೆ. ಕಂಪ್ಯೂಟರಿನ ಪರದೆಯೂ ಕಾಣಬೇಕು, ಭಾವನ ಮುಖವೂ ಕಾಣಬೇಕು, ಹಾಗೆ.

"ಇದು ರೆಕಾರ್ಡ್ ಮಾಡ್ತಾ ಇರುತ್ತೆ. ಹಾರಿದ ತಕ್ಷಣ ಮೇಜು ಕುಟ್ಟಿ. ಯಾವ ಜಾಗದಲ್ಲಿ ಹಾರಿತು ಅಂತ ನೋಡಿಬಿಡೋಣ."

"ಕುಟ್ತೀನಿ. ಆಮೇಲೆ ನೀನು ನನ್ನ ಕಾಲು ಮುಟ್ಟಿ ತಪ್ಪಾಯ್ತು ಅನ್ನಬೇಕು."

"ಆಗಲಿ ಭಾವ."

ನಾನು ಹಿತ್ತಲಿಗೆ ಹೋಗಿ ಅಕ್ಕನ ಮಿಕ್ಸಿಯ ವೈರು ಬೆಸೆಯುತ್ತಾ ಕೂತೆ. ತುಂಬಾ ಹೊತ್ತಾದ ಮೇಲೆ ಒಳಗಿಂದ ಮೇಜು ಕುಟ್ಟಿದ ಸದ್ದು. "ಹಾರಿತು! ಬಾರೋ, ಸಿಕ್ಕಿಬಿತ್ತು!" ಭಾವನ ದನಿಯಲ್ಲಿ ಲಾಟರಿ ಹೊಡೆದ ಖುಷಿ.

ಮೂವರೂ ಫೋನಿನ ಸುತ್ತ ತಲೆ ಸೇರಿಸಿದೆವು. ಅಕ್ಕನಿಗೆ ಗಂಡ ಸೋಲುವುದನ್ನು ನೋಡುವ ಆಸೆ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದಿದ್ದಳು.

ರೆಕಾರ್ಡಿನಲ್ಲಿ ಪಾಠ ಓಡುತ್ತಿತ್ತು. ಮೇಷ್ಟ್ರು ಕೊಂಡಿ ಹಾಕುವುದು ಹೇಗೆಂದು ತೋರಿಸುತ್ತಿದ್ದ. ಭಾವ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದರು. ಆಮೇಲೆ ಆ ಕೈ ಮೆಲ್ಲಗೆ ಕೆಳಗಿಳಿಯಿತು.

ಮುಖದಿಂದ ಭಾವ ಹೊರಟು ಹೋದರು. ಬೇರೆ ಹೇಗೆ ಹೇಳಲಿ? ಕಣ್ಣು ತೆರೆದೇ ಇತ್ತು, ನಿದ್ದೆಯಲ್ಲ. ಆದರೆ ಆ ಕಣ್ಣಿನ ಹಿಂದೆ ಯಾರೂ ಇರಲಿಲ್ಲ. ತುಟಿಗಳು ಏನನ್ನೋ ಚಪ್ಪರಿಸುವಂತೆ ಆಡುತ್ತಿದ್ದವು. ಬಲಗೈ ಅಂಗಿಯ ಗುಂಡಿಯನ್ನು ಹಿಡಿದು ತಿರುಚುತ್ತಿತ್ತು, ಬಿಡುತ್ತಿತ್ತು, ಮತ್ತೆ ತಿರುಚುತ್ತಿತ್ತು. ಪರದೆಯ ಮೇಲೆ ಮೇಷ್ಟ್ರು ತನ್ನ ಪಾಡಿಗೆ ತಾನು ಕೊಂಡಿ ಹಾಕಿ, ಬಿಗಿ ನೋಡಿ, ಮುಂದಿನ ಪಾಠಕ್ಕೆ ಹೋದ. ಎಲ್ಲೂ ಏನೂ ಹಾರಲಿಲ್ಲ.

ಅಷ್ಟರಲ್ಲಿ ರೆಕಾರ್ಡಿನಲ್ಲಿ ಬಾಗಿಲ ಕಡೆಯಿಂದ ಅಕ್ಕನ ದನಿ: "ರೀ, ಟೀ ಇಡ್ಲಾ?" ಉತ್ತರವಿಲ್ಲ. "ರೀ! ನಿಮಗೇ ಹೇಳ್ತಿರೋದು. ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಹೂಂಗುಟ್ಟುತ್ತೆ." ಹೆಜ್ಜೆ ಸದ್ದು ದೂರವಾಯಿತು. ಗುಂಡಿ ತಿರುಚುವುದು ನಿಂತಿರಲಿಲ್ಲ.

ಆಮೇಲೆ ಭಾವ ಎರಡು ಸಲ ಕಣ್ಣು ಮಿಟುಕಿಸಿದರು. ಪರದೆ ನೋಡಿದರು. ಮುಖದಲ್ಲಿ ಗೊಂದಲ, ಆಮೇಲೆ ಗೆಲುವು. ಮೇಜು ಕುಟ್ಟಿದರು. "ಹಾರಿತು!"

ನಾನು ರೆಕಾರ್ಡ್ ನಿಲ್ಲಿಸಿದೆ.

"ಮತ್ತೆ ಹಾಕು," ಎಂದರು ಭಾವ. ಹಾಕಿದೆ. ಈ ಸಲ ಅವರು ಫೋನನ್ನು ಕೈಗೆ ತಗೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಎಡಗೈ ಅಂಗಿಯ ಗುಂಡಿಯನ್ನು ಮುಟ್ಟಿಕೊಂಡಿತು. ದಾರ ಸಡಿಲಾಗಿ ಗುಂಡಿ ಜೋಲಾಡುತ್ತಿತ್ತು.

"ಇದು ನಾನಾ?"

ನಾನು ಹೌದೆಂದು ತಲೆಯಾಡಿಸಿದೆ.

"ನೀನು ಟೀ ಕೇಳೋಕೆ ಬಂದಿದ್ಯಾ?" ಎಂದು ಅಕ್ಕನ ಕಡೆ ತಿರುಗಿದರು.

"ಬಂದಿದ್ದೆ ರೀ. ಬೈದೆ ಕೂಡ." ಅಕ್ಕ ಗೋಡೆಗೆ ಒರಗಿಕೊಂಡಳು. "ಒಂದೆರಡು ಸಲಾನಾ? ಎಷ್ಟೋ ತಿಂಗಳಿಂದ ಹಿಂಗೇ. ಬೇಕಂತ ಮಾತಾಡಲ್ಲ ಅಂದ್ಕೊಂಡಿದ್ದೆ. ಮನಸ್ಸು ಕೆಟ್ಟು ಊಟ ಬಿಟ್ಟಿದ್ದೀನಿ ಇದಕ್ಕೆ. ದೇವರೇ, ನೀವು ಅಲ್ಲಿ ಇರಲೇ ಇಲ್ವಾ?"

ನನ್ನ ತಲೆಯಲ್ಲಿ ಮಾತ್ರ ಆ ಗಾಜಿನ ಗೂಡು ಬಂದು ನಿಂತಿತ್ತು. "ಭಾವ, ಮೇಲೆ ಇರುವಾಗ..." ಎಂದೆ. ಮುಂದಿನದನ್ನು ಹೇಳಬೇಕಾಗಿ ಬರಲಿಲ್ಲ. ಅವರ ಮುಖ ಸುಣ್ಣ ಬಳಿದಂತಾಗಿತ್ತು. ಒಂದು ಕ್ಷಣ ಕುರ್ಚಿಯ ಬೆನ್ನು ಹಿಡಿದು ನಿಂತರು, ಆಮೇಲೆ ತಮ್ಮ ಫೋನ್ ತೆಗೆದು ಸೂಪರ್‌ವೈಸರಿಗೆ ಹಚ್ಚಿದರು.

"ಸಾರ್, ನಾಳೆಯಿಂದ ನಾನು ಮೇಲೆ ಹತ್ತಲ್ಲ."

ಆ ಕಡೆಯವರು ನಕ್ಕದ್ದು ನನಗೂ ಕೇಳಿಸಿತು. ರಜೆ ಬೇಕಾದರೆ ನೆಟ್ಟಗೆ ಕೇಳಪ್ಪ ಅನ್ನುತ್ತಿದ್ದರು.

"ರಜೆ ಅಲ್ಲ ಸಾರ್. ನನಗೆ ನಡುನಡುವೆ ಪ್ರಜ್ಞೆ ಹೋಗ್ತಿದೆ. ನನಗೇ ಗೊತ್ತಾಗ್ತಿರಲಿಲ್ಲ, ಈಗ ಕಣ್ಣಾರೆ ನೋಡಿದೆ." ಕಂಪಿಸದ ದನಿಯಲ್ಲಿ ಅಷ್ಟು ಹೇಳಿ ಫೋನಿಟ್ಟು, ಕೂತುಕೊಂಡರು.

ಮರುದಿನ ನರರೋಗದ ಡಾಕ್ಟರ ಹತ್ತಿರ ಹೋದೆವು. ಆಕೆ ಮೊದಲು ರೆಕಾರ್ಡ್ ನೋಡಿದರು, ತಲೆಗೆ ವೈರುಗಳನ್ನು ಅಂಟಿಸಿ ಪರೀಕ್ಷೆ ಮಾಡಿಸಿದರು. "ಇದೂ ಒಂಥರಾ ಫಿಟ್ಸೇ," ಎಂದರು. "ಫಿಟ್ಸ್ ಅಂದ್ರೆ ಬಿದ್ದು ಒದ್ದಾಡೋದು ಅಂತಲೇ ಎಲ್ಲರೂ ತಿಳ್ಕೊಂಡಿರ್ತಾರೆ. ಇದರಲ್ಲಿ ಮನುಷ್ಯ ಕೂತಲ್ಲೇ ಇರ್ತಾನೆ, ಮೆದುಳು ಮಾತ್ರ ಸ್ವಲ್ಪ ಹೊತ್ತು ಕೈಕೊಡುತ್ತೆ. ಮಾತ್ರೆಗೆ ಬಗ್ಗುತ್ತೆ, ಹೆದರಬೇಡಿ. ಆದರೆ ಕ್ರೇನ್ ಬೇಡ, ಗಾಡಿನೂ ಬೇಡ."

ಭಾವ ಎಲ್ಲಕ್ಕೂ ತಲೆಯಾಡಿಸಿದರು. ಆಚೆ ಬಂದ ಮೇಲೆ ಮನೆಗೆ ಹೋಗೋಣವೆಂದರೆ ಕೇಳಲಿಲ್ಲ. "ಸೈಟಿಗೆ ನಡಿ. ಹುಡುಗರಿಗೆ ನಾನೇ ಹೇಳಬೇಕು."

ಕಂಬಿ ಕಟ್ಟುವವರು ಆಗ ತಾನೇ ಊಟ ಮುಗಿಸಿ ಕೂತಿದ್ದರು. ಭಾವ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕೊನೆಗೆ ಅವರಲ್ಲಿ ಹಿರಿಯ ಮೇಸ್ತ್ರಿ ಕೈಯೊರೆಸಿಕೊಳ್ಳುತ್ತಾ ಎದ್ದ.

"ಅದಕ್ಕೇನಾ ಕ್ರೇನಣ್ಣ ಅವತ್ತು..." ಎಂದು ಮೇಲೆ ಕ್ರೇನಿನತ್ತ ನೋಡಿದ. "ಕಂಬಿ ಕಟ್ಟು ನಮ್ಮ ತಲೆ ಮೇಲೇ ಬಂದು ನಿಂತುಬಿಡ್ತು. ಕೂಗಿದ್ವಿ, ಕೈ ಬೀಸಿದ್ವಿ, ಅಲ್ಲಾಡಲಿಲ್ಲ. ಜಾಗ ನೋಡಿ ಇಳಿಸೋಕೆ ತಡ ಮಾಡ್ತಿದ್ದೀರ ಅಂದ್ಕೊಂಡ್ವಿ. ಎಷ್ಟು ಜಾಗ್ರತೆ ನೋಡ್ರೋ ಕ್ರೇನಣ್ಣಂಗೆ ಅಂತ ಹುಡುಗರಿಗೆ ನಿಮ್ಮನ್ನೇ ತೋರಿಸಿದ್ದೆ ನಾನು."

ಭಾವ ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತರು. ಮೇಸ್ತ್ರಿ ಪಕ್ಕದಲ್ಲಿ ಕೂತು ಅವರ ಬೆನ್ನಿನ ಮೇಲೆ ಕೈಯಿಟ್ಟ. "ಏನೂ ಆಗಲಿಲ್ಲ ಬಿಡಿ ಅಣ್ಣ. ಎಲ್ಲಾ ಇದ್ದೀವಲ್ಲ, ನೋಡಿ," ಅಂದ. ಭಾವ ನಿಜವಾಗಿಯೂ ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡಿದರು.

ಮಾತ್ರೆ ಹಿಡಿಸಿತು. ಮಳೆಗಾಲ ಕಳೆಯುವ ಹೊತ್ತಿಗೆ ಅಂಥದ್ದು ಬರುವುದು ನಿಂತೇ ಹೋಯಿತು. ಕಂಪನಿಯವರು ಸಾಮಾನು ಕೊಡುವ ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಮೊದಮೊದಲು ಆ ತಗಡಿನ ಕೆಳಗೆ ಕೂರುವುದೆಂದರೆ ಭಾವನಿಗೆ ಕೋಳಿಗೂಡಿನಲ್ಲಿ ಹಾಕಿದಂತಾಗುತ್ತಿತ್ತು. ಯಾರ ಮೇಲೂ ಸಿಡುಕಲಿಲ್ಲ, ಊಟ ಮಾತ್ರ ಕಡಿಮೆಯಾಗಿತ್ತು. ನಿಧಾನಕ್ಕೆ ಅದೂ ಸರಿಹೋಯಿತು.

ಅಕ್ಕ ಈಗಲೂ ಅವರು ಉತ್ತರ ಕೊಡುವುದು ಒಂದು ಗಳಿಗೆ ತಡವಾದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುತ್ತಾಳೆ. ಮೊನ್ನೆ ನಾನು ಹೋದಾಗಲೂ ಹಾಗೇ ಓಡಿಬಂದು ಅವರ ಮುಖವನ್ನೇ ಹುಡುಕುತ್ತಾ ನಿಂತಳು.

"ಇದ್ದೀನಿ ಕಣೇ," ಎಂದರು ಭಾವ, "ಏನು ಹೇಳೋದು ಅಂತ ಯೋಚನೆ ಮಾಡ್ತಿದ್ದೆ ಅಷ್ಟೇ."

"ಜೋರಾಗಿ ಯೋಚನೆ ಮಾಡಿ ಹಂಗಾದ್ರೆ," ಅಂದಳು ಅಕ್ಕ, ಇನ್ನೂ ಏದುಸಿರು ಬಿಡುತ್ತಾ.